ಹುಟ್ಟನ್ನು ಮರೆಮಾಚುವ ಸುಳ್ಳು ಯಾರದು?

ಕೀಳೆಂದು ಸಮಾಜ ಎಣಿಸಿದ ಹುಟ್ಟನ್ನು ಮರೆಮಾಚಿ ಮೇಲಿನವರ ನಡುವೆ ಸ್ಥಾನ ಪಡೆಯುವುದು ಅಸತ್ಯವೇ, ಅಸತ್ಯವಾದರೆ ಅದರ ಪಾಪ ಯಾರಿಗೆ ಸೇರಬೇಕು ಎಂಬ ಪ್ರಶ್ನೆ ಎರಡು ಪ್ರಾಚೀನ ಕಥೆಗಳಲ್ಲಿ ಅಡಗಿದೆ. ಮಹಾಭಾರತದ ಶಾಂತಿಪರ್ವದಲ್ಲಿ, ದ್ರೋಣನು ಬ್ರಹ್ಮಾಸ್ತ್ರವನ್ನು ಕಲಿಸಲು ಒಪ್ಪದಿದ್ದಾಗ, ಸೂತನ, ಎಂದರೆ ರಥ ನಡೆಸುವವನ, ಮನೆಯಲ್ಲಿ ಬೆಳೆದ ಕರ್ಣನು ತಾನು ಭೃಗುವಂಶದ ಬ್ರಾಹ್ಮಣನೆಂದು ಹೇಳಿಕೊಂಡು ಪರಶುರಾಮನ ಶಿಷ್ಯನಾಗುತ್ತಾನೆ. ತನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದ ಗುರುವಿನ ನಿದ್ರೆ ಕೆಡಬಾರದೆಂದು, ಹುಳು ತೊಡೆಯನ್ನು ಕೊರೆದರೂ ಅವನು ಅಲುಗದೆ ಕುಳಿತದ್ದೇ ಅವನು ಬ್ರಾಹ್ಮಣನಲ್ಲವೆಂಬುದಕ್ಕೆ ಸಾಕ್ಷಿಯಾಗಿ, ಶಾಪಕ್ಕೆ ದಾರಿ ಮಾಡುತ್ತದೆ. ಛಾಂದೋಗ್ಯ ಉಪನಿಷತ್ತಿನ ಸತ್ಯಕಾಮನಾದರೋ, ಪರಿಚಾರಿಕೆಯಾಗಿ ದುಡಿದ ತಾಯಿ ಜಬಾಲೆಗೆ ಮಗನ ಗೋತ್ರ ತಿಳಿಯದೆಂಬುದನ್ನು ಗುರು ಗೌತಮನ ಮುಂದೆ ಇದ್ದಂತೆಯೇ ಹೇಳುತ್ತಾನೆ. ಅಬ್ರಾಹ್ಮಣನು ಹೀಗೆ ನುಡಿಯಲಾರನೆಂದು ಗೌತಮನು ಅವನಿಗೆ ಉಪನಯನ ಮಾಡುತ್ತಾನೆ.

ಸುಳ್ಳಿಗೆ ಶಿಕ್ಷೆ, ಸತ್ಯಕ್ಕೆ ಮನ್ನಣೆ ಎಂಬ ಸರಳ ನೀತಿಯನ್ನೇ ಈ ಕಥೆಗಳಿಂದ ತೆಗೆಯುವುದು ವಾಡಿಕೆಯಾದರೂ, ಇಬ್ಬರು ಗುರುಗಳ ತರ್ಕ ಒಂದೇ ಆಗಿರುವುದನ್ನು ಗಮನಿಸಬೇಕು: ಸಹನೆಯಾಗಲಿ ಸತ್ಯನಿಷ್ಠೆಯಾಗಲಿ ಅವರ ದೃಷ್ಟಿಯಲ್ಲಿ ವ್ಯಕ್ತಿಯ ಗಳಿಕೆಯಲ್ಲ, ಕುಲದ ಗುರುತು. ಬ್ರಹ್ಮಸೂತ್ರದ ಅಪಶೂದ್ರಾಧಿಕರಣ, ಅಂದರೆ ಶೂದ್ರರಿಗೆ ವೇದವಿದ್ಯೆಯ ಅಧಿಕಾರವುಂಟೇ ಎಂದು ಚರ್ಚಿಸುವ ಭಾಗ, ಶಂಕರರ ಭಾಷ್ಯದ ಪ್ರಕಾರ ಇದೇ ಸತ್ಯಕಾಮನನ್ನು ಆಧಾರವಾಗಿ ತಂದು, ಅವನು ಶೂದ್ರನಲ್ಲವೆಂದು ಖಚಿತವಾದ ಮೇಲಷ್ಟೇ ಗುರು ಮುಂದುವರಿದನೆಂದು ವಾದಿಸುತ್ತದೆ. ಗೋತ್ರವಿಲ್ಲದ ಹುಡುಗನೊಬ್ಬ ಧೈರ್ಯದಿಂದ ನುಡಿದ ನಿಜ ಹೀಗೆ ಇತರರಿಗೆ ಬಾಗಿಲು ಮುಚ್ಚುವ ಪ್ರಮಾಣವಾದದ್ದು ನಮ್ಮ ತತ್ತ್ವಚಿಂತನೆಯ ಅತ್ಯಂತ ನೋವಿನ ಸಂಗತಿಗಳಲ್ಲೊಂದು. ಗುಣವನ್ನು ಕುಲದ ಸ್ವತ್ತಾಗಿಸಿದ ವ್ಯವಸ್ಥೆಯಲ್ಲಿ ವಿದ್ಯೆಯನ್ನು ಬಯಸಿದವನಿಗೆ ಕರ್ಣನ ದಾರಿಯಲ್ಲದೆ ಬೇರೆ ಯಾವ ದಾರಿ ಉಳಿದಿತ್ತು?

ಈ ಗಂಟನ್ನು ಬುಡದಲ್ಲೇ ಕತ್ತರಿಸಲು ಯತ್ನಿಸಿದವರು ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಸೂಳೆ ಸಂಕವ್ವೆ ಎಂಬ ಹೆಸರುಗಳಲ್ಲಿ, ಲೋಕ ಅಡಗಿಸಲು ಹೇಳುತ್ತಿದ್ದ ಹುಟ್ಟು ಮತ್ತು ಕಸುಬುಗಳೇ ಮೊದಲು ಕೇಳಿಸುತ್ತವೆ. ಬ್ರಾಹ್ಮಣ ಮನೆತನದಲ್ಲಿ ಹುಟ್ಟಿ ಅರಸ ಬಿಜ್ಜಳನ ಆಡಳಿತದಲ್ಲಿ ಉನ್ನತ ಪದವಿಯಲ್ಲಿದ್ದ ಬಸವಣ್ಣನವರು ಚೆನ್ನಯ್ಯ, ಕಕ್ಕಯ್ಯರನ್ನು ತಮ್ಮ ಬಂಧುಗಳೆಂದು ವಚನಗಳಲ್ಲಿ ಸಾರಿಕೊಂಡದ್ದಂತೂ ಮರೆಮಾಚುವಿಕೆಗೆ ನೇರ ವಿರುದ್ಧವಾದ ನಡೆ. ಮೇಲಿನವರೇ ಹೀಗೆ ಇಳಿದು ಬಂದು ನಂಟು ಹೇಳಿಕೊಂಡಾಗ ಕೆಳಗಿನವರು ಅಡಗಿಸಬೇಕಾದದ್ದು ಏನೂ ಉಳಿಯುವುದಿಲ್ಲ.

ಆದರೆ ಅಂಥ ಸಮುದಾಯದ ಆಸರೆಯಿಲ್ಲದೆ ಒಂಟಿಯಾಗಿ ನಿಂತವರಿಂದ ಶರಣರ ದಿಟ್ಟತನವನ್ನು ಬಯಸುವುದು ಅನ್ಯಾಯ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಬಂದ ಅಂಬೇಡ್ಕರ್ ಅವರು 1917ರಲ್ಲಿ ಬರೋಡಾ ಸಂಸ್ಥಾನದ ನೌಕರಿಗೆ ಸೇರಿದಾಗ ಜಾತಿಯ ಕಾರಣಕ್ಕೆ ಉಳಿಯಲು ಜಾಗ ಸಿಗದೆ ಪಾರ್ಸಿ ಹೆಸರಿನಲ್ಲಿ ಪಾರ್ಸಿಗಳ ವಸತಿಗೃಹ ಸೇರಬೇಕಾಯಿತು. ನಿಜ ತಿಳಿದಾಗ ದೊಣ್ಣೆ ಹಿಡಿದು ಬಂದ ಗುಂಪು ಅವರನ್ನು ಅಲ್ಲಿಂದ ಹೊರಹಾಕಿತು. ಆ ಸುಳ್ಳು ಹೆಸರಿನ ಹೊಣೆ ಅದನ್ನು ಬರೆಸಿದ ಅಂಬೇಡ್ಕರರದಲ್ಲ, ನಿಜ ಹೆಸರಿಗೆ ಒಂದು ಕೋಣೆಯನ್ನೂ ಕೊಡದ ಊರಿನದು. ಜಾತಿ ಕೇಳಿ ಬಾಡಿಗೆಗೆ ಮನೆ ಕೊಡುವವರೂ ಇಂದು ಅದೇ ಹೊಣೆಯನ್ನು ಹೊರಬೇಕು.