ಓರೆ ಸಾಲಿನ ಕಂಬಗಳು

ಬೇರ್ಪಡಿಸುವುದೆಂದರೆ ತಡೆಯುವುದು ಎಂದೇ ನಾನು ತಿಳಿದಿದ್ದೆ. ಜರಡಿಯಲ್ಲಿ ಹಿಟ್ಟು ಇಳಿಯುತ್ತದೆ, ತರಿ ಮೇಲೆ ನಿಲ್ಲುತ್ತದೆ. ಪರೀಕ್ಷೆಯೂ ಹಾಗೆಯೇ: ಕೆಲವರು ಪಾಸು, ಕೆಲವರು ನಪಾಸು. ಈ ತಿಳಿವಳಿಕೆಯನ್ನು ಕೆಡಿಸಿದವನು ನನ್ನ ಅಕ್ಕನ ಮಗ. ಬಿ.ಎ., ಬಿ.ಎಡ್. ಮಾಡಿ ಕನ್ನಡ ಪಾಠ ಹೇಳಿಕೊಂಡಿರುವ ನನಗೆ ತನ್ನ ಸಂಶೋಧನೆ ಅರ್ಥವಾಗಲೆಂದು ಹಾಳೆಯ ಮೇಲೆ ರಂಗೋಲಿಯಂತೆ ಚುಕ್ಕೆಗಳನ್ನಿಟ್ಟ.

"ಇವು ಕಂಬಗಳು ಚಿಕ್ಕಮ್ಮ, ಕೂದಲಿಗಿಂತ ತೆಳು. ಪ್ರತಿ ಸಾಲೂ ಹಿಂದಿನ ಸಾಲಿಗಿಂತ ಒಂಚೂರು ಪಕ್ಕಕ್ಕೆ ಸರಿದಿದೆ, ನೋಡಿ."

ಸಿಲಿಕಾನ್ ತುಣುಕಿನಲ್ಲಿ ಕೊರೆದ ಈ ಕಂಬಗಳ ನಡುವೆ ದ್ರವ ಹರಿಯುತ್ತದೆ. ಸಣ್ಣ ಕಣ ಹರಿವಿನ ಜೊತೆ ಅಂಕುಡೊಂಕಾಗಿ ನುಸುಳಿ, ಒಟ್ಟಿನಲ್ಲಿ ನೇರವಾಗಿಯೇ ಸಾಗುತ್ತದೆ. ದೊಡ್ಡ ಕಣ ಪ್ರತಿ ಕಂಬದ ಬಳಿಯೂ ಇಷ್ಟಿಷ್ಟೇ ಪಕ್ಕಕ್ಕೆ ತಳ್ಳಿಸಿಕೊಳ್ಳುತ್ತದೆ. ಯಾವುದಕ್ಕೂ ತಡೆಯಿಲ್ಲ. ಕೊನೆಗೆ ನೋಡಿದರೆ ಎರಡೂ ಬೇರೆ ಬೇರೆ ಬಾಗಿಲಲ್ಲಿ ಹೊರಬಿದ್ದಿರುತ್ತವೆ. 2004ರಲ್ಲಿ ಪ್ರಿನ್ಸ್‌ಟನ್ನಿನ ಹುವಾಂಗ್, ಆಸ್ಟಿನ್, ಸ್ಟರ್ಮ್ ಮೊದಲಾದವರು ಒಂದು ಮೈಕ್ರೋಮೀಟರಿನ ಆಸುಪಾಸಿನ ಗುಂಡುಗಳನ್ನು ಹೀಗೆ 40 ಸೆಕೆಂಡಿನಲ್ಲಿ ಬೇರ್ಪಡಿಸಿ ತೋರಿಸಿದರು. ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು 500 ಕೋಟಿ ಕೆಂಪು ಕಣಗಳಿರುತ್ತವೆ. ಅವುಗಳ ನಡುವೆ ಅಡಗಿದ ಬೆರಳೆಣಿಕೆಯ ಕ್ಯಾನ್ಸರ್ ಕೋಶಗಳನ್ನು ಹುಡುಕಲು 2013ರಲ್ಲಿ ಬಾಸ್ಟನ್ನಿನಲ್ಲಿ ಪ್ರಕಟವಾದ ಸಾಧನದ ಮೊದಲ ಹಂತವೂ ಇಂಥ ಕಂಬದ ಸಾಲೇ. ಒಳ್ಳೆಯ ಕೆಲಸ. ಆದರೂ ನನಗೆ ಆ ರಾತ್ರಿ ನಿದ್ರೆ ಬರಲಿಲ್ಲ.

ಸುಮಾರು 25 ವರ್ಷಗಳ ಹಿಂದೆ ಐದನೇ ತರಗತಿಯಲ್ಲಿ ಒಬ್ಬ ಹುಡುಗಿ ಗಟ್ಟಿಯಾಗಿ ಓದುವಾಗ ತೊದಲುತ್ತಿದ್ದಳು. ಮಕ್ಕಳು ನಗುತ್ತಾರೆಂದು "ಸಾಕು, ಕೂತ್ಕೋ" ಎಂದೆ. ಆಮೇಲೆ ಅವಳಿಂದ ಓದಿಸಲೇ ಇಲ್ಲ, ಅದನ್ನೇ ಕರುಣೆಯೆಂದುಕೊಂಡೆ. ಮರುವರ್ಷದ ಮೇಷ್ಟರು ಹಿಂದಿನ ಬೆಂಚಿಗೆ ಕಳಿಸಿದರು. ಇನ್ನೊಬ್ಬರು ಪ್ರಶ್ನೆ ಕೇಳುವುದನ್ನು ಬಿಟ್ಟರು. ಏಳನೆಯದಕ್ಕೆ ಮನೆಯವರು ಶಾಲೆ ಬಿಡಿಸಿದರು. ಮೊನ್ನೆ ಸಂತೆಯಲ್ಲಿ ಸಿಕ್ಕಳು. "ನನ್ನ ಮಗಳು ಈಗ ನಿಮ್ಮ ಕ್ಲಾಸಲ್ಲೇ ಇದ್ದಾಳೆ ಟೀಚರ್. ಅವಳೂ ತೊದಲ್ತಾಳೆ. ಅವಳ ಕೈಲಿ ಓದಿಸ್ತೀರಾ?" ಎಂದಳು. ಮಾತಿನಲ್ಲಿ ಸಿಟ್ಟಿರಲಿಲ್ಲ.

ಅವಳನ್ನು ಹೊರಹಾಕಿದವರು ಯಾರು? ಯಾರೂ ಅಲ್ಲ. ಒಬ್ಬೊಬ್ಬರೂ ಕೂದಲೆಳೆಯಷ್ಟು ಸರಿಸಿದೆವು, ಅಷ್ಟೆ. ಸಾಲನ್ನು ಓರೆಯಾಗಿಟ್ಟವರು ಬೇರೆ, ನಾನು ಬರೀ ಒಂದು ಕಂಬ ಎಂದು ವಾದಿಸಬಹುದು. ಅದು ಸುಳ್ಳೂ ಅಲ್ಲ. ಆದರೆ ತಳ್ಳುತ್ತಿದ್ದೇನೆಂಬ ಅರಿವು ಕಂಬಕ್ಕಿಲ್ಲ, ನನಗೆ ಇರಬಹುದಿತ್ತು. ಆ ಕಣದ ಗಾತ್ರ ದಾರಿಯಲ್ಲಿ ಬದಲಾಗದು. ಮಗುವನ್ನು ಹಾಗೆ ಒಮ್ಮೆ ಅಳೆದು ಮುಗಿಸುವಂತಿಲ್ಲ. ತಪ್ಪನ್ನು ಹತ್ತು ಜನ ಹಂಚಿಕೊಂಡರೆ ನಮ್ಮ ನಮ್ಮ ಪಾಲು ಚಿಕ್ಕದಾಗುತ್ತದೆಂದು ಸಮಾಧಾನಪಡುತ್ತೇವೆ. ಹತ್ತೂ ಜನ ಒಂದೇ ಕಡೆಗೆ ತಳ್ಳಿದ್ದರೆ, ತಳ್ಳಿಸಿಕೊಂಡವರ ಪಾಲಿಗೆ ಅದು ಇಡಿಯಾಗಿಯೇ ಉಳಿಯುತ್ತದೆ.

ಸೋಮವಾರ ಆ ಮಗುವನ್ನು ಓದಲು ನಿಲ್ಲಿಸಿದೆ. ಉಳಿದವರು ಮೊದಲು ನಕ್ಕರು, ಆಮೇಲೆ ಬೇಸತ್ತು ಸುಮ್ಮನಾದರು. ಒಂದೇ ಪುಟಕ್ಕೆ ಇಡೀ ಪೀರಿಯಡ್ಡು ಹಿಡಿಯಿತು. ಗಂಟೆ ಹೊಡೆದ ಮೇಲೂ ಅವಳು ಓದುತ್ತಲೇ ಇದ್ದಳು. ನಾನು "ಸಾಕು" ಎನ್ನಲಿಲ್ಲ.