ವಾರಂಟಿ ಮುಗಿದ ಮೇಲೆ ಹೊಗೆ ಯಾರದು?

ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನಂಥ ಊರುಗಳಲ್ಲಿ ಡೀಸೆಲ್ ವ್ಯಾನ್ ಎಂದರೆ ಒಂದು ಮನೆಯ ಅನ್ನ. ನಸುಕಿನಲ್ಲಿ ಹೂವು, ತರಕಾರಿ. ಆಮೇಲೆ ಶಾಲೆ ಮಕ್ಕಳು. ರಾತ್ರಿ ಪಾಳಿಗೆ ಏರ್‌ಪೋರ್ಟಿನ ಕೆಲಸಗಾರರು. ಗಾಡಿ ನಿಂತರೆ ದುಡಿಮೆ ನಿಲ್ಲುತ್ತದೆ, ಸಾಲದ ಕಂತು ನಿಲ್ಲುವುದಿಲ್ಲ. ಇಂಥ ಗಾಡಿಯ ಡ್ಯಾಶ್‌ಬೋರ್ಡಿನಲ್ಲಿ ಒಂದು ದಿನ ಹಳದಿ ಎಂಜಿನ್ ಲೈಟ್ ಬರುತ್ತದೆ, ಪಿಕಪ್ ಬಿದ್ದುಹೋಗುತ್ತದೆ. ಶೋರೂಮಿನವರು ವಾರಂಟಿ ಮುಗಿದಿದೆ ಎಂದು ಹೇಳಿ ದೊಡ್ಡ ಎಸ್ಟಿಮೇಟ್ ಕೈಗಿಡುತ್ತಾರೆ. ರಸ್ತೆ ಬದಿಯ ಗ್ಯಾರೇಜಿನಲ್ಲಿ ಸಿಗುವ ಸಲಹೆ ಬೇರೆ: 'ಅಣ್ಣ, ಡಿಪಿಎಫ್ ಬಿಚ್ಚಿ ಪೈಪ್ ಹಾಕಿಬಿಡೋಣ. ಸಾಫ್ಟ್‌ವೇರಲ್ಲೂ ಆಫ್ ಮಾಡ್ತೀನಿ, ಲೈಟೇ ಬರಲ್ಲ.'

ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾಯಿತು ಎಂದು ಹೊರಗಿನವರು ನಗಬಹುದು. ಆದರೆ ಇಲ್ಲಿ ಕೊಯ್ದುಹೋಗುವ ಮೂಗು ಮಾಲೀಕನದಲ್ಲ, ಹಿಂದೆ ಬರುವ ಸ್ಕೂಟರಿನವನದು. ಗಾಡಿಯ ಮಿಕ್ಕೆಲ್ಲ ಭಾಗಗಳು ಕೊಂಡವನ ಅನುಕೂಲಕ್ಕೆ ಇರುವವು. ಹೊಗೆ ಸೋಸುವ ಡಿಪಿಎಫ್‌ನಂಥ ಭಾಗ ಮಾತ್ರ ಊರಿಗಾಗಿ ಇರುವುದು. ಅದು ಕೆಟ್ಟಾಗ ಬಿಲ್ಲು ಒಬ್ಬನಿಗೆ, ರಿಪೇರಿಯ ಲಾಭ ಎಲ್ಲರಿಗೆ. ತೊಡಕಿನ ಬೇರು ಇಲ್ಲಿದೆ.

2020ರ ಏಪ್ರಿಲ್ 1ರಿಂದ ದೇಶಕ್ಕೆ ಬಿಎಸ್-6 ಹೊಗೆ ಮಾನದಂಡ ಬಂತು. ಡೀಸೆಲ್‌ನಲ್ಲಿರುವ ಗಂಧಕ ಹತ್ತು ಲಕ್ಷಕ್ಕೆ 50 ಭಾಗದಿಂದ 10ಕ್ಕೆ ಇಳಿಯಿತು. ಮಸಿಯನ್ನು ಹಿಡಿಯುವ ಫಿಲ್ಟರ್, ಅಂದರೆ ಡಿಪಿಎಫ್, ಬಹುತೇಕ ಡೀಸೆಲ್ ಗಾಡಿಗಳ ಹೊಟ್ಟೆಯೊಳಗೆ ಸೇರಿತು. ಹಿಡಿದ ಮಸಿಯನ್ನು ಅದು ಆಗಾಗ ತಾನೇ ಸುಟ್ಟುಕೊಳ್ಳಬೇಕು. ಅದಕ್ಕೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು, ಕೆಲವು ನಿಮಿಷ ಒಂದೇ ವೇಗದ ಓಟ ಬೇಕು. ಹಳ್ಳಿಯಿಂದ ಹಳ್ಳಿಗೆ ಮೂರು ಮೈಲಿ ಓಡಿ, ನಿಂತು, ಮತ್ತೆ ಹೊರಡುವ ವ್ಯಾನಿಗೆ ಆ ಭಾಗ್ಯವಿಲ್ಲ. ಸುಡುವ ಕೆಲಸ ಅರ್ಧಕ್ಕೇ ನಿಂತರೆ, ಅದಕ್ಕೆಂದು ಹೆಚ್ಚಾಗಿ ಚಿಮ್ಮಿಸಿದ ಡೀಸೆಲ್ ಎಂಜಿನ್ ಆಯಿಲಿಗೆ ಇಳಿಯುತ್ತದೆ. ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡಿ: ಹಾಕಿದ್ದಕ್ಕಿಂತ ಮಟ್ಟ ಮೇಲೇರಿದೆ, ಮೂಸಿದರೆ ಡೀಸೆಲ್ ವಾಸನೆ. ಆಯಿಲ್ ಹೆಚ್ಚಾಯಿತೆಂದು ಹಿಗ್ಗುವ ಹಾಗಿಲ್ಲ. ಅದು ಬದಲಾಯಿಸಬೇಕಾದ ಆಯಿಲ್.

ಎಲ್ಲ ಲೈಟಿಗೂ ಡಿಪಿಎಫ್ಫೇ ಕಾರಣವಲ್ಲ. ಫಿಲ್ಟರಿನ ಒತ್ತಡ ಅಳೆಯುವ ಸೆನ್ಸರಿಗೆ ಬೆರಳಿಗಿಂತ ತೆಳ್ಳನೆಯ ಎರಡು ಪೈಪುಗಳಿರುತ್ತವೆ. ಒಂದು ಸೀಳಿದರೂ ಸಾಕು, ಗಾಡಿಯ ಕಂಪ್ಯೂಟರ್ ಫಿಲ್ಟರನ್ನೇ ದೂರುತ್ತದೆ. ಹೊಗೆಯ ನೈಟ್ರೋಜನ್ ಆಕ್ಸೈಡುಗಳನ್ನು ಇಳಿಸುವ ದ್ರವದ, ಅಂದರೆ ಡಿಇಎಫ್‌ನ, ಟ್ಯಾಂಕ್ ಇರುವ ಗಾಡಿಗಳದು ಇನ್ನೊಂದು ಕಥೆ. ಅದಕ್ಕೆ ಬೇಕಾದದ್ದು ಶುದ್ಧ ನೀರಿನಲ್ಲಿ ಶೇ 32.5ರಷ್ಟು ಶುದ್ಧ ಯೂರಿಯಾ. ಹೊಲಕ್ಕೆ ತಂದ ಚೀಲ ಮನೆಯಲ್ಲೇ ಇದೆಯಲ್ಲ ಎಂದು ಅದನ್ನು ಕರಗಿಸಿ ಸುರಿದರೆ ಕೆಲಸ ಕೆಟ್ಟಿತು: 2015ರಿಂದ ನಮ್ಮ ಕೃಷಿ ಯೂರಿಯಾಕ್ಕೆಲ್ಲ ಬೇವಿನೆಣ್ಣೆಯ ಲೇಪ ಕಡ್ಡಾಯ. ಬೆಳೆಗೆ ಒಳ್ಳೆಯದಾದ ಆ ಲೇಪ ಗಾಡಿಯ ನಳಿಕೆಗೂ ಕ್ಯಾಟಲಿಸ್ಟಿಗೂ ಮಾರಿ.

ತೆಗೆದುಬಿಡುವ ದಾರಿ ಸುಲಭವೇಕೆಂದರೆ ಅದು ಸಿಕ್ಕಿಬೀಳುವುದು ಕಡಿಮೆ. ನಮ್ಮ ಎಮಿಷನ್ ಟೆಸ್ಟ್ ಡೀಸೆಲ್ ಗಾಡಿಯ ಹೊಗೆಯ ದಟ್ಟಣೆಯನ್ನಷ್ಟೇ ನೋಡುತ್ತದೆ, ನೈಟ್ರೋಜನ್ ಆಕ್ಸೈಡುಗಳನ್ನು ಅಳೆಯುವುದಿಲ್ಲ. ಹೊಗೆಯ ಒಂದಿಷ್ಟನ್ನು ಎಂಜಿನ್ನಿಗೇ ಹಿಂದಿರುಗಿಸುವ ಇಜಿಆರ್ ವಾಲ್ವಿಗೆ ತಗಡು ಬಡಿದರೆ ಕಪ್ಪು ಹೊಗೆ ಇನ್ನೂ ಕಡಿಮೆಯಾಗಬಹುದು, ಕಣ್ಣಿಗೆ ಕಾಣದ ವಿಷ ಮಾತ್ರ ಏರುತ್ತದೆ. ಸರ್ಟಿಫಿಕೇಟ್ ಆರಾಮಾಗಿ ಸಿಗುತ್ತದೆ. 2015ರಲ್ಲಿ ಫೋಕ್ಸ್‌ವ್ಯಾಗನ್ ಸಿಕ್ಕಿಬಿದ್ದದ್ದೂ ಇಂಥದೇ ಕೆಲಸಕ್ಕೆ: ಟೆಸ್ಟಿನಲ್ಲೊಂದು, ರಸ್ತೆಯಲ್ಲೊಂದು ಆಟ ಆಡುವ ಸಾಫ್ಟ್‌ವೇರ್. ಜಗತ್ತಿನಾದ್ಯಂತ ಸುಮಾರು 1.1 ಕೋಟಿ ವಾಹನಗಳಲ್ಲಿ ಆ ಸಾಫ್ಟ್‌ವೇರ್ ಇತ್ತು. ಭಾರತದಲ್ಲೇ 3.23 ಲಕ್ಷಕ್ಕೂ ಹೆಚ್ಚು ಕಾರುಗಳನ್ನು ಹಿಂದಕ್ಕೆ ಕರೆಸಿ ಸರಿಪಡಿಸುವುದಾಗಿ ಕಂಪನಿ ಘೋಷಿಸಿತು. 2019ರಲ್ಲಿ ಹಸಿರು ನ್ಯಾಯಮಂಡಳಿ 500 ಕೋಟಿ ರೂಪಾಯಿ ದಂಡ ವಿಧಿಸಿತು. ಆದರೆ ಕಂಪನಿಯ ಮೇಲಿನ ಬಲವಂತದ ಕ್ರಮಕ್ಕೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಕಂಪನಿ ಮಾಡಿದರೆ ಹಗರಣ, ಗ್ಯಾರೇಜಿನಲ್ಲಾದರೆ 'ಸೆಟ್ಟಿಂಗ್' ಎನ್ನುವುದು ನ್ಯಾಯವಲ್ಲ. ಕಾನೂನೂ ಹಾಗೆನ್ನುವುದಿಲ್ಲ: ಅನುಮತಿಯಿಲ್ಲದೆ ಗಾಡಿಯನ್ನು ಮಾರ್ಪಡಿಸುವ ಮಾಲೀಕನಿಗೆ, ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ, ಆರು ತಿಂಗಳವರೆಗೆ ಜೈಲು ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ.

ದಂಡದ ಮಾತು ಮಾಲೀಕನಿಗೆ ಮಾತ್ರ ಹೇಳಿ ಸುಮ್ಮನಾದರೆ ಅರ್ಧ ಸತ್ಯ. ಎಲ್ಲರ ಸೊತ್ತನ್ನು ಕಾಯುವ ಖರ್ಚು ಯಾರದು ಎಂದೂ ಕೇಳಬೇಕು. ನಲ್ಲೂರಿನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಐವತ್ತಕ್ಕೂ ಹೆಚ್ಚು ಎಕರೆಯ ಆ ಹಳೆಯ ಮರಗಳನ್ನು ಕಾಯುವ ಖರ್ಚನ್ನು ಪಕ್ಕದ ಹೊಲದವನೊಬ್ಬನೇ ಹೊರಲಿ ಎಂದು ಯಾರೂ ಹೇಳಲಿಲ್ಲ. ಅದು ಎಲ್ಲರ ಸೊತ್ತು, ಸರ್ಕಾರದ ಹೊಣೆ. ಅದೇ ಊರಿನ ರಸ್ತೆಯ ಗಾಳಿಯನ್ನು ಕಾಯುವ ಹೊರೆ ಮಾತ್ರ ವ್ಯಾನಿನವನ ತಲೆಗೆ ಬಿದ್ದಿದೆ. ಅಮೆರಿಕದಲ್ಲಿ ಕಾರು, ಸಣ್ಣ ವಾಹನಗಳ ಕ್ಯಾಟಲಿಟಿಕ್ ಕನ್ವರ್ಟರಿಗೂ ಎಮಿಷನ್ ನಿಯಂತ್ರಿಸುವ ಕಂಪ್ಯೂಟರಿಗೂ 8 ವರ್ಷ ಅಥವಾ 80,000 ಮೈಲಿಗಳ ವಾರಂಟಿಯನ್ನು ಸರ್ಕಾರವೇ ಕಡ್ಡಾಯ ಮಾಡಿದೆ. ಗಾಡಿಯ ವಾರಂಟಿ ಬೇರೆ, ಗಾಳಿಯ ವಾರಂಟಿ ಬೇರೆ ಎಂಬ ಈ ಲೆಕ್ಕ ನಮಗೂ ಬೇಕು. ಶುದ್ಧ ಗಾಳಿಯ ಹೆಸರಿನಲ್ಲಿ ಕಡ್ಡಾಯ ಮಾಡಿದ ಭಾಗ ಸಾಲದ ಕಂತು ತೀರುವವರೆಗಾದರೂ ಬಾಳಬೇಡವೇ?

ಅಲ್ಲಿಯವರೆಗೆ ಕೈಲಿರುವ ದಾರಿಗಳನ್ನು ಬಿಡಬಾರದು. ವಾರಕ್ಕೊಮ್ಮೆಯಾದರೂ ಹೆದ್ದಾರಿಯಲ್ಲಿ ತಡೆಯಿಲ್ಲದ ಓಟ, ಕಂಪನಿ ಹೇಳಿದ ಕಡಿಮೆ ಬೂದಿಯ ಆಯಿಲ್, ಸೀಲ್ ಇರುವ ಡಿಇಎಫ್ ಡಬ್ಬಿ. ಒಂದೇ ಮಾದರಿಯ ಹಲವು ಗಾಡಿಗಳಲ್ಲಿ ಒಂದೇ ದೋಷ ಕಂಡರೆ ಅದು ಮಾಲೀಕರ ಹಣೆಬರಹವಲ್ಲ. ಮೋಟಾರು ವಾಹನ ಕಾಯ್ದೆಯ 110ಎ ಕಲಂ ಪ್ರಕಾರ, ಪರಿಸರಕ್ಕೆ ಹಾನಿ ಮಾಡುವ ದೋಷಕ್ಕೂ ಕೇಂದ್ರ ಸರ್ಕಾರ ಗಾಡಿಗಳನ್ನು ವಾಪಸ್ ಕರೆಸಬಹುದು. ಈ ವಾಪಸಾತಿಯ 2021ರ ನಿಯಮ ಏಳು ವರ್ಷ ತುಂಬದ ಗಾಡಿಗಳಿಗೆ ಅನ್ವಯಿಸುತ್ತದೆ. ಅಂದರೆ ವಾರಂಟಿ ಮುಗಿದವೂ ಅದರಲ್ಲಿ ಸೇರಿವೆ. ಆದರೆ ದೂರುಗಳ ಸಂಖ್ಯೆ ಬೆಳೆಯದೆ ಅದು ಕದಲುವುದಿಲ್ಲ. ಆದ್ದರಿಂದ 'ತೆಗೆದುಬಿಡೋಣ ಅಣ್ಣ' ಎಂಬ ಮಾತು ಬಂದಾಗ, ಮೊದಲು ಸ್ಕ್ಯಾನರ್ ಹಾಕಿಸಿ, ಬಂದ ಕೋಡನ್ನು ಬರೆಸಿಕೊಳ್ಳಿ. ಸ್ಟ್ಯಾಂಡಿನಲ್ಲಿ ಪಕ್ಕಕ್ಕೆ ನಿಂತ ವ್ಯಾನಿನವರದೂ ಅದೇ ಕೋಡೇ ಎಂದು ಕೇಳಿ. ಹೌದಾದರೆ ಇಬ್ಬರೂ ಸೇರಿ ದೂರು ಕೊಡಿ.