ಪರದೇಶಿಯೂ ನಮ್ಮ ನಾಲಿಗೆಯೂ

ದಾರಿಯಲ್ಲಿ ಅಕಸ್ಮಾತ್ತಾಗಿ ಎದುರಾದ ಪರದೇಶಸ್ಥನ ಸಂಗಡ ಅವನ ಭಾಷೆಯಲ್ಲಿ ನಾಲ್ಕು ಮಾತು ಆಡಿ ನೋಡುವದು ಒಳ್ಳೆಯದೋ, ಅಲ್ಲವೋ? ಇಷ್ಟು ಸಣ್ಣ ಪ್ರಶ್ನೆಗೆ ಪತ್ರಿಕೆಯಲ್ಲಿ ಸ್ಥಳ ಯಾಕೆಂದು ನೀವು ಕೇಳಬಹುದು. ದೊಡ್ಡ ಪಾಪಗಳು ಬಾಗಿಲು ಬಡಿಯುವಾಗ ನಾವು ಎಚ್ಚರವಾಗಿರುತ್ತೇವೆ. ಸಣ್ಣವುಗಳೋ ಸದ್ಗುಣದ ಅಂಗಿ ತೊಟ್ಟುಕೊಂಡು ಬರುವದರಿಂದ ಅವುಗಳಿಗೆ ನಾವೇ ಮಣೆ ಹಾಕುತ್ತೇವೆ. ಆದದರಿಂದ ಈ ವಿಷಯದಲ್ಲಿ ನಮಗೇ ಸಂಭವಿಸಿದ್ದನ್ನು ಮೊದಲು ಹೇಳಿ, ಆಮೇಲೆ ವಿಚಾರಕ್ಕೆ ಬರುವೆವು.

ಹೋದ ವರುಷ ಫೆಬ್ರುವರಿ ತಿಂಗಳಲ್ಲಿ ನಾವು ರವಿವಾರದ ಶಾಲೆಯ ಹನ್ನೊಂದು ಮಂದಿ ಹುಡುಗರನ್ನು ಕರೆದುಕೊಂಡು ಬಾದಾಮಿಗೆ ಹೋಗಿದ್ದೆವು. ಅಲ್ಲಿಯ ಕೆಂಪು ಬಂಡೆಯಲ್ಲಿ ಕೊರೆದ ನಾಲ್ಕು ಗವಿಗಳನ್ನು ನೋಡುವದಕ್ಕೆ ದೂರದೇಶದವರು ಬರುತ್ತಿರುವದು ನಿಮಗೆ ತಿಳಿದದ್ದೇ. ಮೂರನೆಯ ಗವಿಯ ಶಾಸನವು ಕ್ರಿ. ಶ. ೫೭೮ನೆಯ ವರುಷದ್ದು. ಮೆಟ್ಟಲುಗಳ ಬುಡದಲ್ಲಿ ಸುಮಾರು ಎಪ್ಪತ್ತು ವರುಷದ ಬಿಳೀ ಹೆಂಗಸೊಬ್ಬರು ಒಂದು ಕಲ್ಲಿಗೆ ಆತುಕೊಂಡು ನಿಂತಿದ್ದರು. ಸಂಗಡ ಬಂದವರು ಮೇಲಕ್ಕೆ ಹೋಗಿದ್ದರು. ಅವರ ಕೈಯಲ್ಲಿದ್ದ ಪುಸ್ತಕವನ್ನು ನೋಡಿ ಅವರು ಜರ್ಮನ್ ದೇಶದವರೆಂದು ತಿಳಿದೆವು.

ಸೆಮಿನರಿಯಲ್ಲಿ ಓದುತ್ತಿದ್ದ ದಿನಗಳಲ್ಲಿ ಆ ದೇಶದಿಂದ ಬಂದ ಅತಿಥಿಗಳ ಬಾಯಿಂದ ನಾವು ಹತ್ತು ಹದಿನೈದು ಜರ್ಮನ್ ಮಾತುಗಳನ್ನು ಕಲಿತುಕೊಂಡಿದ್ದೆವು. ಪೆಟ್ಟಿಗೆಯಲ್ಲಿ ಬಹುಕಾಲ ಮಡಿಚಿಟ್ಟ ಜರಿಯ ರುಮಾಲನ್ನು ಜಾತ್ರೆಯ ದಿನ ಹೊರಗೆ ತೆಗೆಯುವವನ ಹಾಗೆ ನಮಗೆ ಉಬ್ಬು ಬಂತು. ಹುಡುಗರು ನೋಡುತ್ತಿರುವಾಗ ಮುಂದೆ ಹೋಗಿ, "ಗೂಟನ್ ಟಾಗ್" ಎಂದು ವಂದಿಸಿದೆವು. ಆ ತಾಯಿಯ ಮುಖವು ದೀಪ ಹಚ್ಚಿದಂತೆ ಬೆಳಗಿತು. ಅವರು ಕೈಯಲ್ಲಿದ್ದ ಬರಿದಾದ ಬಾಟಲಿಯನ್ನು ಎತ್ತಿ ತೋರಿಸಿ, ತಮ್ಮ ಭಾಷೆಯಲ್ಲಿ ಬೇಗಬೇಗನೆ ಏನೋ ಹೇಳಿದರು. ನಾವಾದರೋ ಅವರ ಮಾತು ಮುಗಿಯುವದನ್ನೇ ಕಾಯುತ್ತಿದ್ದೆವು. ಮುಗಿದ ಕೂಡಲೆ ಬಾಯಿಪಾಠವಾಗಿದ್ದ ಮುಂದಿನ ವಾಕ್ಯಗಳನ್ನು ಒಪ್ಪಿಸಿದೆವು: ನಮ್ಮ ಹೆಸರು ಇಂಥದು, ನಾವು ಇಂಥ ಊರಿನವರು, ಈ ಹೊತ್ತು ಹವೆಯು ಬಹು ಚೆನ್ನಾಗಿದೆ. ಹುಡುಗರು ಬೆರಗಾಗಿ ನಿಂತರು. ನಾವು ಆ ತಾಯಿಯ ಸಂಗಡ ನಿಂತು ಒಂದು ಚಿತ್ರ ತೆಗೆಯಿಸಿಕೊಂಡು, ಸಂತೋಷದಿಂದ ಗುಡ್ಡ ಹತ್ತಿದೆವು.

ಒಂದು ತಾಸಿನ ಮೇಲೆ ಇಳಿದು ಬಂದಾಗ ಕಂಡದ್ದೇನಂದರೆ, ಸವತಿಕಾಯಿ ಮಾರುವ ಮುದುಕಿಯೊಬ್ಬಳು ತನ್ನ ಗೋಣೀತಟ್ಟಿನ ಅರ್ಧವನ್ನು ಬಿಟ್ಟುಕೊಟ್ಟು ಆ ತಾಯಿಯನ್ನು ನೆರಳಿನಲ್ಲಿ ಕೂಡ್ರಿಸಿದ್ದಳು. "ಕುಂದರಬೇ ಯವ್ವಾ, ಬಿಸಲಾಗ ಭಾಳ ದಣದೀದಿ" ಎಂದು ಹೇಳಿ ತನ್ನ ಸೆರಗಿನಿಂದ ಗಾಳಿ ಹಾಕುತ್ತಿದ್ದಳು. ಮೊಮ್ಮಗನನ್ನು ಅಂಗಡಿಗೆ ಅಟ್ಟಿ ಮುಚ್ಚಳ ಒಡೆಯದ ನೀರಿನ ಬಾಟಲಿಯನ್ನು ತರಿಸಿದ್ದಳು. ಆ ತಾಯಿ ನೀರಿನ ಹಣವನ್ನು ಕೊಟ್ಟರು. ಸುಲಿದು ಕೊಟ್ಟ ಸವತಿಕಾಯಿಯ ಹಣವನ್ನು ಮುದುಕಿ ಮುಟ್ಟಲಿಲ್ಲ. ಒಬ್ಬಳು ಕನ್ನಡದಲ್ಲಿ, ಇನ್ನೊಬ್ಬರು ಜರ್ಮನ್ ಭಾಷೆಯಲ್ಲಿ, ಇಬ್ಬರೂ ಮಕ್ಕಳ ಮೊಮ್ಮಕ್ಕಳ ವಿಷಯವಾಗಿ ಮಾತಾಡುತ್ತಿದ್ದರು, ಇಬ್ಬರಿಗೂ ತಿಳಿಯುತ್ತಿತ್ತು. ಆ ಮುದುಕಿ ನಮ್ಮ ಸಭೆಯವಳಲ್ಲ, ಓದು ಬಲ್ಲವಳೂ ಅಲ್ಲ.

ತಿರಿಗಿ ಬರುವಾಗ ಬಸ್ಸಿನಲ್ಲಿ ಒಬ್ಬ ಹುಡುಗನು, "ಮಾಸ್ತರ್, ಆ ಅವ್ವಾರು ಬಾಟ್ಲಿ ತೋರಿಸಿ ನಿಮಗ ಏನಂದ್ರರೀ?" ಎಂದು ಕೇಳಿದನು. ಆಗಲೇ ಅವರ ಮಾತಿನ ನಡುವೆ ಎರಡು ಸಾರಿ ಕೇಳಿಸಿದ್ದ ಒಂದು ಶಬ್ದವು ನಮ್ಮ ನೆನಪಿಗೆ ಬಂತು: "ವಾಸರ್". ಅಂದರೆ ನೀರು. ಆ ಶಬ್ದವು ನಮಗೆ ಗೊತ್ತಿಲ್ಲದ್ದಲ್ಲ. ನಾವು ಕಲಿತ ಹದಿನೈದು ಮಾತುಗಳಲ್ಲಿ ಅದೂ ಒಂದು. ಆದರೆ ನಮ್ಮ ಮುಂದಿನ ವಾಕ್ಯದ ಗದ್ದಲದಲ್ಲಿ ಅದು ನಮಗೆ ಕೇಳಿಸಲಿಲ್ಲ. ಬಾಯಾರಿದವರ ಮುಂದೆ ನಿಂತು, ಹವೆ ಚೆನ್ನಾಗಿದೆಯೆಂದು ಅವರ ಭಾಷೆಯಲ್ಲೇ ಹೇಳಿ ಬಂದಿದ್ದೆವು. ಹುಡುಗನಿಗೆ ನಿಜವನ್ನು ಹೇಳಿದೆವು. ಅದನ್ನು ಹೇಳುವದು ಸುಲಭವಾಗಿರಲಿಲ್ಲ.

ಹಾಗಾದರೆ ಪರಭಾಷೆಯನ್ನು ಆಡಿ ನೋಡುವದು ತಪ್ಪೋ? ಅಲ್ಲ. ತಪ್ಪು ಇರುವದು ಯಾತಕ್ಕಾಗಿ ಆಡುತ್ತೇವೆಂಬದರಲ್ಲಿ. ಇದನ್ನು ಮೂರು ವಿಧವಾಗಿ ಪರೀಕ್ಷಿಸೋಣ.

ಮೊದಲನೆಯದಾಗಿ, ಲಾಭಕ್ಕಾಗಿ ಆಡುವದುಂಟು. ಪ್ರವಾಸಿಗಳು ಬರುವ ಊರುಗಳಲ್ಲಿ ಮಕ್ಕಳು "ಹಲೋ" ಎಂಬ ಮಾತಿನ ಬೆನ್ನಿಗೇ "ಪೆನ್" ಎಂಬ ಮಾತನ್ನು ಕಲಿಯುತ್ತಾರೆ. ವಂದನೆಯು ಕೈಚಾಚುವದಕ್ಕೆ ಪೀಠಿಕೆಯಾದರೆ ಅದು ವಂದನೆಯಲ್ಲ. ತಂದೆತಾಯಿಗಳು ಇದನ್ನು ಕಂಡು ನಗದೆ ತಿದ್ದಬೇಕು.

ಎರಡನೆಯದಾಗಿ, ಹೊಗಳಿಕೆಗಾಗಿ ಆಡುವದುಂಟು. ನಮ್ಮ ತಪ್ಪು ಇದೇ. ಇದರಲ್ಲಿ ಎದುರಿಗಿರುವ ಮನುಷ್ಯನು ನಮಗೆ ಹಲಗೆಯಾಗುತ್ತಾನೆ, ನಮ್ಮ ನಾಲಿಗೆ ಬಳಪವಾಗುತ್ತದೆ; ಬರೆದು, ಮೆಚ್ಚಿಸಿಕೊಂಡು, ಒರಸಿ ಹೋಗುತ್ತೇವೆ. ಮನುಷ್ಯರ ಭಾಷೆಗಳನ್ನೂ ದೇವದೂತರ ಭಾಷೆಗಳನ್ನೂ ಕುರಿತು ಪೌಲನು ಕೊರಿಂಥದ ಸಭೆಗೆ ಬರೆದದ್ದನ್ನು ನಾವು ಎಷ್ಟೋ ಮದುವೆಗಳಲ್ಲಿ ಓದಿದ್ದೇವೆ. ಬಾದಾಮಿಯ ಮೆಟ್ಟಲಿನ ಬಳಿ ಅದು ನಮ್ಮ ವಿಷಯವಾಗಿಯೇ ಬರೆದದ್ದೆಂದು ಕಂಡಿತು.

ಇದರ ಬೇರು ಇನ್ನೂ ಆಳದಲ್ಲಿದೆ. ಬಿಳಿಯ ಚರ್ಮದವರ ಮೆಚ್ಚಿಕೆಯು ನಮ್ಮವರ ಮೆಚ್ಚಿಕೆಗಿಂತ ತೂಕದ್ದೆಂದು ನಾವು ಒಳಗೊಳಗೆ ಎಣಿಸುತ್ತೇವೆ. ಲುಸ್ತ್ರದ ಜನರು ತಮ್ಮ ಲುಕವೋನ್ಯ ಭಾಷೆಯಲ್ಲಿ ಕೂಗುತ್ತಾ ಪೌಲ ಬಾರ್ನಬರನ್ನು ದೇವತೆಗಳನ್ನಾಗಿ ಮಾಡಿದಾಗ ಅಪೊಸ್ತಲರು ಬಟ್ಟೆ ಹರಿದುಕೊಂಡು, ತಾವೂ ಮನುಷ್ಯರೇ ಎಂದು ಮೊರೆಯಿಟ್ಟರು. ಅದೇ ಊರಿನಲ್ಲಿ ಸ್ವಲ್ಪ ಕಾಲದ ಮೇಲೆ ಪೌಲನ ಮೇಲೆ ಕಲ್ಲೆಸೆದರು. ಅಡ್ಡಬಿದ್ದ ದಿನವೂ ಕಲ್ಲೆಸೆದ ದಿನವೂ ಆ ಜನರು ಅವನನ್ನು ಮನುಷ್ಯನನ್ನಾಗಿ ನೋಡಲಿಲ್ಲ.

ಮೂರನೆಯದಾಗಿ, ಪ್ರೀತಿಗಾಗಿ ಆಡುವದುಂಟು. ಇದನ್ನು ನಾವು ಬಯಸಬೇಕು. ಪರರ ಭಾಷೆಯನ್ನು ಆಡುವವನು ಅವರ ಮುಂದೆ ಮಗುವಾಗುತ್ತಾನೆ. ತೊದಲುತ್ತಾನೆ, ತಪ್ಪುತ್ತಾನೆ, ನಗೆಗೀಡಾಗುತ್ತಾನೆ. ಮನೆ ಬಿಟ್ಟು ಬಂದು ಎಲ್ಲದಕ್ಕೂ ಇತರರನ್ನು ಕೇಳಬೇಕಾದ ಪ್ರವಾಸಿಯು ಒಂದು ಗಳಿಗೆ ತಾನೇ ಕಲಿಸುವವನಾಗುತ್ತಾನೆ, ತಾನೇ ಮನೆಯ ಯಜಮಾನನಾಗುತ್ತಾನೆ. ಹೀಗೆ ಆಡಿದ ಒಂದು ತಪ್ಪು ಮಾತೂ ಕಾಣಿಕೆಯೇ. ಆದರೆ ಮಗುವು ಆಡುವದಕ್ಕಿಂತ ಮೊದಲು ಬಹುದಿವಸ ಕೇಳುತ್ತದೆ, ಇದನ್ನು ಮರೆಯಬಾರದು.

ಈ ಕಾಣಿಕೆಯ ಫಲವನ್ನು ನಮ್ಮ ನಾಡು ಚೆನ್ನಾಗಿ ಬಲ್ಲದು. ೧೮೫೩ರಲ್ಲಿ ಇಪ್ಪತ್ತೊಂದು ವರುಷದ ಫೆರ್ಡಿನಾಂಡ್ ಕಿಟ್ಟೆಲರು ಬಾಸೆಲ್ ಮಿಶನಿನಿಂದ ಈ ಸೀಮೆಗೆ ಬಂದಾಗ ಅವರೂ ಒಬ್ಬ ಪರದೇಶಿಯೇ. ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು ೧೮೯೪ರಲ್ಲಿ. ನಡುವೆ ನಾಲ್ವತ್ತೊಂದು ವರುಷ. ಸುಮಾರು ಎಪ್ಪತ್ತು ಸಾವಿರ ಶಬ್ದಗಳಿರುವ ಆ ಗ್ರಂಥದಲ್ಲಿ ಹಳೆಯ ಕಾವ್ಯಗಳ ಶಬ್ದಗಳ ಜೊತೆಗೆ ಜನರ ಬಾಯಲ್ಲಿದ್ದ ಗಾದೆಗಳೂ ಉಂಟು. ಕಿಟ್ಟೆಲರ ಶ್ರಮವನ್ನು ನಾವು ಹೊಗಳುತ್ತೇವೆ, ಅದು ನ್ಯಾಯವೇ. ಆದರೆ ಪರದೇಶಿಯ ತೊದಲು ಕನ್ನಡವನ್ನು ತಾಳ್ಮೆಯಿಂದ ಕೇಳಿ, ಅದಕ್ಕೆ ಉತ್ತರ ಕೊಟ್ಟ ಹೆಸರಿಲ್ಲದ ಜನರೂ ಆ ಕೆಲಸದಲ್ಲಿ ಪಾಲುಗಾರರಲ್ಲವೋ? ಆದದರಿಂದ ಈಗ ಪ್ರವಾಸಿಯೊಬ್ಬನು "ನಮಸ್ಕಾರ, ಚೆನ್ನಾಗಿದ್ದೀರಾ?" ಎಂದು ಕಷ್ಟಪಟ್ಟು ಕೇಳಿದರೆ ನಗಬೇಡಿರಿ, ಕೂಡಲೆ ಇಂಗ್ಲಿಷಿಗೆ ತಿರುಗಬೇಡಿರಿ; ನಿಧಾನವಾಗಿ ಕನ್ನಡದಲ್ಲೇ ಉತ್ತರ ಕೊಡಿರಿ. ಅದು ಅವನಿಗೆ ಮಾಡುವ ಸತ್ಕಾರ.

ಈ ಕಾಲದಲ್ಲಿ ಕೈಯಲ್ಲಿರುವ ಫೋನೇ ಒಂದು ಭಾಷೆಯ ಮಾತನ್ನು ಇನ್ನೊಂದಕ್ಕೆ ತಿರುಗಿಸಿ ಹೇಳುತ್ತದೆ. ಒಳ್ಳೆಯದು, ಉಪಯೋಗಿಸೋಣ. ಆದರೆ ಅದು ಬಿಸಿಲಿನಲ್ಲಿ ನಿಂತವರನ್ನು ನೆರಳಿಗೆ ಕರೆಯುವದಿಲ್ಲ. ಒಡೆದ ಹಡಗಿನಿಂದ ಇನ್ನೂರ ಎಪ್ಪತ್ತಾರು ಜನರು ಮೆಲಿತೆ ದ್ವೀಪದ ದಡಕ್ಕೆ ಬಂದಾಗ ಅಲ್ಲಿಯವರು ಬೇರೆ ಭಾಷೆಯವರಾಗಿದ್ದರು. ಮಳೆಯೂ ಚಳಿಯೂ ಇದ್ದದರಿಂದ ಅವರು ಮೊದಲು ಬೆಂಕಿ ಹೊತ್ತಿಸಿದರು. ಬಾದಾಮಿಯ ಮುದುಕಿಯೂ ಅದನ್ನೇ ಮಾಡಿದಳು.

ಕಡೆಗೆ ಒಂದು ಮಾತು ಉಳಿಯಿತು. ಅದು ಎಲ್ಲಕ್ಕಿಂತ ಹತ್ತಿರದ್ದು. ನಮ್ಮ ಆಡುಮಾತಿನಲ್ಲಿ "ಪರದೇಶಿ" ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು: ಬೇರೆ ದೇಶದವನು, ದಿಕ್ಕಿಲ್ಲದವನು. ಮೊದಲನೆಯ ಅರ್ಥದ ಪರದೇಶಿಯ ಹಿಂದೆ ನಾವು ಓಡುತ್ತೇವೆ. ಎರಡನೆಯ ಅರ್ಥದವನನ್ನು ಕಂಡರೂ ಕಾಣದವರಂತೆ ದಾಟುತ್ತೇವೆ. ರಸ್ತೆಯ ಕೆಲಸಕ್ಕೆ ಬಿಹಾರದಿಂದಲೂ ಒಡಿಶಾದಿಂದಲೂ ಬಂದು, ನಮ್ಮ ಊರ ಹೊರಗೆ ತಗಡಿನ ಗುಡಿಸಲಲ್ಲಿರುವ ಹುಡುಗರನ್ನು ಯಾವ ಊರಪ್ಪಾ ಎಂದು ಅವರ ಭಾಷೆಯಲ್ಲಿ ಕೇಳಿದವರು ನಮ್ಮ ಸಭೆಯಲ್ಲಿ ಎಷ್ಟು ಮಂದಿ? ಅಜ್ಜನ ಕಾಲದಿಂದ ನೆರೆಯಲ್ಲಿರುವ ತಾಂಡಾದ ಲಂಬಾಣಿ ತಾಯಿಗೆ "ಕೂತುಕೋ, ದಣಿದಿದ್ದೀ" ಎಂದು ಅವಳ ಮಾತಿನಲ್ಲಿ ಹೇಳುವದು ಹೇಗೆ? ಸಮುದ್ರದಾಚೆಯ ಹದಿನೈದು ಮಾತುಗಳನ್ನು ಬಲ್ಲ ನಮಗೆ ಒಂದು ಮೈಲು ದೂರದ ಈ ಎರಡು ಮಾತು ಗೊತ್ತಿರಲಿಲ್ಲ. ಅವರಿಂದ ಪೆನ್ನೂ ಇಲ್ಲ, ಹೊಗಳಿಕೆಯೂ ಇಲ್ಲ, ಅದಕ್ಕಾಗಿಯೇ ಕಲಿತಿರಲಿಲ್ಲ. ಐಗುಪ್ತದಲ್ಲಿ ಪರದೇಶಿಗಳಾಗಿದ್ದ ಇಸ್ರಾಯೇಲರಿಗೆ ದೇವರು ತಮ್ಮ ನಡುವಿನ ಪರದೇಶಿಯನ್ನು ಪ್ರೀತಿಸಬೇಕೆಂದು ಆಜ್ಞಾಪಿಸಿದಾಗ, ಬಂಗಾರ ಹೊತ್ತು ಬಂದವನನ್ನು ಮಾತ್ರ ಎಂದು ಹೇಳಲಿಲ್ಲ.

ನಾವೀಗ ತಾಂಡಾದ ಒಬ್ಬ ಹುಡುಗನಿಂದ ಆ ಮಾತುಗಳನ್ನು ಕಲಿಯುತ್ತಿದ್ದೇವೆ. ತಪ್ಪಿದಾಗಲೆಲ್ಲಾ ಅವನು ಹೊಟ್ಟೆ ಹಿಡಿದು ನಗುತ್ತಾನೆ, ನಗಲಿ. ಪ್ರಿಯರೇ, ನೀವೂ ಈ ತಿಂಗಳಲ್ಲಿ ನಿಮ್ಮ ಊರಿನ ಒಬ್ಬ ಪರದೇಶಿಯ ಭಾಷೆಯಲ್ಲಿ ಒಂದು ಮಾತನ್ನು ಕಲಿಯಿರಿ. ಅದನ್ನು ಆಡಿದ ಮೇಲೆ ಬಾಯಿ ಮುಚ್ಚಿ, ಅವನು ಹೇಳುವದನ್ನು ಕೇಳಿರಿ. ಕರ್ತನು ನಮ್ಮ ನಾಲಿಗೆಯನ್ನು ತಗ್ಗಿಸಿ, ನಮ್ಮ ಕಿವಿಗಳನ್ನು ತೆರೆಯಲಿ. ಆಮೆನ್.